‘ಹಠ’ ಅಲ್ಲದ್ದಕ್ಕೆ ಕನ್ನಡದಲ್ಲಿ ಏನನ್ನೋಣ?

ಪದಚರ್ಚೆಯ ಎಲ್ಲರಿಗೂ ನಮಸ್ಕಾರ.

ನಾನು ಮಡಿಕೇರಿ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ಟೀಚರ್. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ನನ್ನ ಹತ್ತಿರ ಇರುತ್ತಾರೆ. ಸುತ್ತಲಿನ ಶಾಲೆಗಳ ಟೀಚರ್‌ಗಳು ಸೇರುವ ಮುಂದಿನ ಕ್ಲಸ್ಟರ್ ಸಭೆಗೆ ನಾಲ್ಕು ಪುಟದ ಟಿಪ್ಪಣಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಆಟಿಸಂ ಇರುವ ಪುಟ್ಟ ಮಕ್ಕಳ ಜೊತೆ, ಅವರ ಮನೆಯವರ ಜೊತೆ ಟೀಚರ್‌ಗಳು ಹೇಗೆ ಒಡನಾಡಬೇಕು ಅನ್ನುವುದು ವಿಷಯ. ಎರಡನೇ ಪುಟದಲ್ಲೇ ಒಂದು ಪದ ಸಿಗದೆ ನಿಂತಿದ್ದೇನೆ. ಅದಕ್ಕೇ ಈ ಪತ್ರ.

ಇಂಗ್ಲಿಷಿನಲ್ಲಿ ‘ಮೆಲ್ಟ್‌ಡೌನ್’ ಅನ್ನುತ್ತಾರಲ್ಲ, ಅದಕ್ಕೆ ಪದ ಬೇಕು. ಸದ್ದು, ಬೆಳಕು, ಗದ್ದಲ, ಇದ್ದಕ್ಕಿದ್ದಂತೆ ಬದಲಾದ ದಿನಚರಿ ಎಲ್ಲ ಸೇರಿ ಮಗುವಿಗೆ ಜಾಸ್ತಿಯಾದಾಗ ಆಗುವಂಥದ್ದು ಅದು. ಮಗು ಕಿವಿ ಮುಚ್ಚಿಕೊಳ್ಳುತ್ತದೆ, ಬೊಬ್ಬೆ ಹೊಡೆಯುತ್ತದೆ, ತಲೆಗೆ ಹೊಡೆದುಕೊಳ್ಳುತ್ತದೆ, ಕೆಲವೊಮ್ಮೆ ಎದ್ದು ಓಡುತ್ತದೆ. ಶಾಲೆಯಲ್ಲಿ ನಾವೆಲ್ಲ ಇದಕ್ಕೆ ಹೇಳುವುದು ಒಂದೇ ಮಾತು: ಹಠ.

ಕಳೆದ ಜುಲೈಯಲ್ಲಿ ನಾನೂ ಅದನ್ನೇ ಬರೆದೆ. ನನ್ನ ತರಗತಿಯಲ್ಲಿ ಎರಡನೇ ಕ್ಲಾಸಿನ ಒಬ್ಬ ಹುಡುಗ ಇದ್ದಾನೆ. ಅವನ ಅಪ್ಪ ಕಾಫಿ ಎಸ್ಟೇಟಿನಲ್ಲಿ ರೈಟರ್. ದಿನಾ ಬೆಳಿಗ್ಗೆ ಮಳೆ ಅಳೆದು ಪುಸ್ತಕದಲ್ಲಿ ಬರೆಯುವುದು ಅವರ ಕೆಲಸ. ನಮ್ಮ ಕಡೆ ತೋಟದವರು ಮಳೆಯನ್ನು ಈಗಲೂ ಇಂಚು, ಸೆಂಟಿನ ಲೆಕ್ಕದಲ್ಲೇ ಹೇಳುವುದು. ಒಂದು ಇಂಚಿಗೆ ನೂರು ಸೆಂಟು. ಹುಡುಗ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ‘ಎರಡು ಇಂಚು ನಲವತ್ತು ಸೆಂಟು’ ಅನ್ನುತ್ತಾನೆ. ಆಮೇಲೆ ನೇರ ಹೋಗಿ ಹವಾಮಾನದ ಚಾರ್ಟಿನಲ್ಲಿ ಮಳೆಯ ಕಾರ್ಡು ಸಿಕ್ಕಿಸುತ್ತಾನೆ. ನನಗೆ ಅವನು ಹೇಳುವ ನಮಸ್ಕಾರ ಅದೇ.

ಮಳೆ ಅಂದರೆ ಅವನಿಗೆ ಪ್ರಾಣ. ಆದರೆ ಮಾಡಿನ ಶೀಟಿನ ಮೇಲೆ ಮಳೆ ಬೀಳುವ ಸದ್ದು ಅಂದರೆ ಆಗುವುದಿಲ್ಲ. ಆವತ್ತು ಗಾಳಿ ಮಳೆ ಜೋರು. ಶೀಟಿನ ಸದ್ದು, ಅದರ ಮೇಲೆ ಊಟದ ತಟ್ಟೆಗಳ ಸದ್ದು. ಅವನು ಮೇಜಿನಡಿ ಸೇರಿ ಬೊಬ್ಬೆ ಹೊಡೆಯತೊಡಗಿದ. ನಾನು ಕೈ ಹಿಡಿದು ಎಳೆದೆ. ಇನ್ನೂ ಜಾಸ್ತಿಯಾಯಿತು. ಸಂಜೆ ಅವನ ಡೈರಿಯಲ್ಲಿ ಬರೆದೆ: ‘ಇಂದು ತುಂಬಾ ಹಠ ಮಾಡಿದ. ಮನೆಯಲ್ಲಿ ಬುದ್ಧಿ ಹೇಳಿ.’

ಮೂರು ದಿನ ಹುಡುಗ ಬರಲಿಲ್ಲ. ನಾಲ್ಕನೇ ದಿನ ಅವನ ಅಮ್ಮ ಬಂದರು. ಅರೆಭಾಷೆಯ ಮನೆಯವರು, ನನ್ನ ಹತ್ತಿರ ಕನ್ನಡದಲ್ಲಿ ಮಾತಾಡುತ್ತಾರೆ. ಜಗಲಿಯಲ್ಲಿ ನಿಂತೇ ಕೇಳಿದರು: ‘ಹಠ ಅಂತ ಬರ್ದಿದ್ದೀರಲ್ಲ ಟೀಚರೇ, ಏನು ಬೇಕು ಅಂತ ಹಠ ಮಾಡಿದ ಅವ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರೇ ಹೇಳಿದರು: ‘ಅದು ಹಠ ಅಲ್ಲ. ಅವನಿಗೆ ತಡೆಯೋಕಾಗಲ್ಲ.’

ಪದದ ದೃಷ್ಟಿಯಿಂದಲೂ ಆ ತಾಯಿ ಹೇಳಿದ್ದೇ ಸರಿ, ಅಲ್ವಾ? ಹಠಕ್ಕೆ ಒಂದು ‘ಬೇಕು’ ಇರಲೇಬೇಕು. ಸಂಸ್ಕೃತದಿಂದ ಬಂದ ಪದ, ಮೂಲದಲ್ಲೇ ಬಲವಂತ ಅನ್ನುವ ಅರ್ಥ ಇದೆ. ಐಸ್‌ಕ್ರೀಮಿಗೆ ಹಠ ಮಾಡುವ ಮಗು ನಡುನಡುವೆ ನಮ್ಮ ಮುಖ ನೋಡುತ್ತದೆ, ಕೊಡಿಸಿದರೆ ಸುಮ್ಮನಾಗುತ್ತದೆ. ‘ಹಠ ಹಿಡಿದು ಓದಿದಳು’ ಅಂತ ಮೆಚ್ಚುಗೆಗೂ ಹೇಳುತ್ತೇವೆ. ಎರಡರಲ್ಲೂ ಮನಸ್ಸು ಮಾಡಿ ಮಾಡುವ ಕೆಲಸ ಉಂಟು. ಮೇಜಿನಡಿ ಇದ್ದ ಹುಡುಗ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಅವನಿಗೆ ಬೇಕಾದ್ದನ್ನು ಕೊಡೋಣ ಅಂದರೆ ಮಳೆಯನ್ನೇ ನಿಲ್ಲಿಸಬೇಕಿತ್ತು.

ಹಾಗಾದರೆ ಬೇರೆ ಏನು? ‘ರಂಪ’ ಅಂದರೆ ಜನ ನೋಡಲಿ ಅಂತ ಮಾಡಿದ ಹಾಗೆ. ‘ರಚ್ಚೆ ಹಿಡಿಯುವುದು’ ಸ್ವಲ್ಪ ಹತ್ತಿರ, ಆದರೆ ಅದು ಕೂಸಿನ ಅಳು. ಸಿಟ್ಟು ಅಂದರೆ ಯಾರ ಮೇಲೋ ಇರಬೇಕು. ‘ಕಂಗಾಲಾದ’, ‘ಕಂಗೆಟ್ಟ’ ಚೆನ್ನಾಗಿವೆ, ಆದರೆ ಅವುಗಳಲ್ಲಿ ಬೊಬ್ಬೆ ಇಲ್ಲ. ‘ಮೈಮೇಲೆ ಬಂದ ಹಾಗೆ’ ಅಂತ ಊರಲ್ಲಿ ಹೇಳುವವರಿದ್ದಾರೆ. ಆ ಮಾತನ್ನು ಟಿಪ್ಪಣಿಯ ಹತ್ತಿರಕ್ಕೂ ಬಿಡಲಾರೆ. ಮಗುವನ್ನು ನೋಡಿ ಹೆದರುವ ಮಾತು ಅದು.

ಒಬ್ಬರು ಸಹೋದ್ಯೋಗಿ ‘ಭಾವನಾತ್ಮಕ ಕುಸಿತ’ ಅಂತ ಸೂಚಿಸಿದರು. ಬೇರೆ ಜಿಲ್ಲೆಯಲ್ಲಿ ನಡೆಯಬಹುದು. ಕೊಡಗಿನಲ್ಲಿ ಬೇಡ. 2018ರ ಆಗಸ್ಟಿನಲ್ಲಿ ಇಲ್ಲಿ ಬೆಟ್ಟಗಳೇ ಜರಿದು ಮನೆ, ತೋಟ, ಜನ ಹೋದರು. ಈಗಲೂ ಜೋರು ಮಳೆ ಬಂದರೆ ಎಲ್ಲಿ ಬರೆ (ಗುಡ್ಡದ ಮಣ್ಣಿನ ಅಂಚು) ಕುಸಿಯಿತು ಅಂತಲೇ ಮೊದಲು ಕೇಳುವುದು. ‘ನಿಮ್ಮ ಮಗನಿಗೆ ಕುಸಿತ ಆಯಿತು’ ಅಂತ ಡೈರಿಯಲ್ಲಿ ಬರೆದರೆ ಆ ತಾಯಿಗೆ ಹೇಗಾಗಬೇಡ!

ನನಗೆ ಹೊಳೆದದ್ದು ಇಷ್ಟು. ತೊಂದರೆ ‘ಹಠ’ ಪದದಲ್ಲಿ ಅರ್ಧ, ಜೊತೆಗಿರುವ ‘ಮಾಡಿದ’ದಲ್ಲಿ ಅರ್ಧ. ಹಠ ಮಾಡಿದ, ರಂಪ ಮಾಡಿದ, ಗಲಾಟೆ ಮಾಡಿದ. ಎಲ್ಲದರಲ್ಲೂ ತಪ್ಪು ಅವನ ತಲೆಗೆ. ಕನ್ನಡದಲ್ಲಿ ಇನ್ನೊಂದು ದಾರಿ ಇದ್ದೇ ಇದೆ. ಹಸಿವಾಯಿತು, ಚಳಿ ಆಯಿತು, ಹೆದರಿಕೆ ಆಯಿತು ಅನ್ನುತ್ತೇವೆ. ‘ಅವನು’ ಹೋಗಿ ‘ಅವನಿಗೆ’ ಬರುತ್ತದೆ. ಹಸಿವಾದ ಮಗುವಿಗೆ ಯಾರೂ ಬುದ್ಧಿ ಹೇಳುವುದಿಲ್ಲ. ನಮಗೆ ಬೇಕಾದ ಪದ ಈ ಸಾಲಿನದ್ದು. ಆ ತಾಯಿಯ ‘ಅವನಿಗೆ ತಡೆಯೋಕಾಗಲ್ಲ’ ಈ ಸಾಲಿನಲ್ಲೇ ಇದೆ. ಅದಕ್ಕಿಂತ ಮೊದಲು ಬರುವ ಹಂತಕ್ಕೆ ‘ಕಿರಿಕಿರಿ ಆಗುತ್ತಿದೆ’ ಸಾಕು. ಕಾಲು ಕುಣಿಸುವುದು, ಒಂದೇ ಮಾತನ್ನು ಮತ್ತೆ ಮತ್ತೆ ಹೇಳುವುದು ಆಗ ಶುರುವಾಗುತ್ತದೆ. ಅಲ್ಲೇ ಗಮನಿಸಿ ಹೊರಗೆ ಕರೆದುಕೊಂಡು ಹೋದರೆ ಮುಂದಿನದು ಎಷ್ಟೋ ಸಲ ತಪ್ಪುತ್ತದೆ.

ಆದರೆ ತಲೆಬರಹಕ್ಕೆ ಒಂದು ನಾಮಪದ ಬೇಕು. ‘ತಡೆಯಲಾಗದ ಹೊತ್ತು’ ಅಂತ ಸದ್ಯಕ್ಕೆ ಬರೆದಿಟ್ಟಿದ್ದೇನೆ. ‘ಹೊತ್ತು’ ಇರುವುದರಿಂದ ಅದು ಕಳೆದುಹೋಗುವಂಥದ್ದು ಅನ್ನುವುದೂ ತಿಳಿಯುತ್ತದೆ. ಇದಕ್ಕಿಂತ ಚಿಕ್ಕದು ನಿಮ್ಮ ಊರಿನ ಮಾತಿನಲ್ಲಿ ಇದೆಯಾ? ಕೊಡವ ತಕ್ಕ್, ತುಳು, ಹವ್ಯಕ ಯಾವುದಾದರೂ ಆಗಲಿ, ದಯವಿಟ್ಟು ಹೇಳಿ.

ಇನ್ನೊಂದು ಚಿಕ್ಕ ಪ್ರಶ್ನೆ. ಟೀಚರ್ ಮತ್ತು ಮಗುವಿನ ನಂಟನ್ನು ಅಳೆಯಲು ಅಮೆರಿಕದ ರಾಬರ್ಟ್ ಪಿಯಾಂಟಾ ಅನ್ನುವವರು ಮಾಡಿದ ಒಂದು ಪ್ರಶ್ನಾವಳಿ ಇದೆ. ಅದರಲ್ಲಿ ‘ಕ್ಲೋಸ್‌ನೆಸ್’, ‘ಕಾನ್‌ಫ್ಲಿಕ್ಟ್’ ಅಂತ ಬರುತ್ತದೆ. ಎರಡನೆಯದಕ್ಕೆ ‘ತಿಕ್ಕಾಟ’ ಸರಿಹೋಯಿತು. ಮೊದಲನೆಯದಕ್ಕೆ ‘ಸಲಿಗೆ’ ಅಂತ ಹಾಕಿದೆ. ‘ಸಲಿಗೆ ಕೊಟ್ರೆ ತಲೆ ಮೇಲೆ ಕೂರ್ತಾರೆ’ ಅಂತ ತಕ್ಷಣ ಆಕ್ಷೇಪ ಬಂತು. ನಿಜ, ಸಲಿಗೆಯಲ್ಲಿ ‘ಕೊಡುವವರು’ ಮೇಲೆ ನಿಂತಿರುತ್ತಾರೆ. ‘ನೆಚ್ಚಿಕೆ’ ಆಗಬಹುದಾ? ಮಗು ನಮ್ಮನ್ನು ನೆಚ್ಚುವುದು, ನಾವು ಮಗುವನ್ನು ನೆಚ್ಚುವುದು, ಎರಡೂ ಬರುತ್ತದೆ. ಓದುವವರಿಗೆ ಹಳೆಯ ಪದ ಅನ್ನಿಸುತ್ತದೋ ಏನೋ.

ಆಟಿಸಂಗೆ ಕನ್ನಡದಲ್ಲಿ ಹೇಳುವ ‘ಸ್ವಲೀನತೆ’ ಬಳಸುತ್ತಿಲ್ಲ, ‘ಆಟಿಸಂ’ ಅಂತಲೇ ಬರೆಯುತ್ತೇನೆ. ಗ್ರೀಕಿನ ‘ಆಟೋಸ್’ ಅಂದರೆ ‘ತಾನು’. ಅದರಿಂದ ಸ್ವಿಟ್ಜರ್ಲೆಂಡಿನ ಮನೋವೈದ್ಯ ಬ್ಲಾಯ್ಲರ್ ಪದ ಕಟ್ಟಿದಾಗ ಅವರ ಮುಂದೆ ಇದ್ದದ್ದು ಬೇರೆಯೇ ಕಾಯಿಲೆಯವರು. ಅಮೆರಿಕದಲ್ಲಿದ್ದ ಮಕ್ಕಳ ಮನೋವೈದ್ಯ ಕ್ಯಾನರ್ ಅದನ್ನು ಮಕ್ಕಳಿಗೆ ಬಳಸಿದ್ದು 1943ರಲ್ಲಿ. ನಾವು ಆ ‘ತಾನು’ವನ್ನು ‘ತನ್ನಲ್ಲೇ ಲೀನ’ ಅಂತ ಇನ್ನೂ ಬಿಗಿ ಮಾಡಿಕೊಂಡೆವು. ದಿನಾ ಬಾಗಿಲಲ್ಲಿ ನನಗೆ ಮಳೆಯ ಲೆಕ್ಕ ಹೇಳುವ ಹುಡುಗನಿಗೆ ಅದು ಹೇಗೆ ಒಪ್ಪೀತು?

ಈಗ ಡೈರಿಯಲ್ಲಿ ಹೀಗೆ ಬರೆಯುತ್ತೇನೆ: ‘ಇವತ್ತು 12 ಗಂಟೆಗೆ ಶೀಟಿನ ಸದ್ದು ಅವನಿಗೆ ತಡೆಯೋಕಾಗಲಿಲ್ಲ. ಆಫೀಸ್ ಕೋಣೆಯಲ್ಲಿ ನನ್ನ ಜೊತೆ ಕೂತಿದ್ದ. ಇಪ್ಪತ್ತು ನಿಮಿಷ. ಆಮೇಲೆ ಊಟ ಮಾಡಿದ.’ ಮಾರನೇ ದಿನ ಅದರ ಕೆಳಗೆ ಅವನ ಅಮ್ಮನ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ. ಮೊನ್ನೆ ಇದ್ದದ್ದು: ‘ರಾತ್ರಿ ಕರೆಂಟ್ ಇರಲಿಲ್ಲ, ನಿದ್ದೆ ಕಮ್ಮಿ, ಸ್ವಲ್ಪ ನೋಡಿಕೊಳ್ಳಿ ಟೀಚರೇ. 3 ಇಂಚು 10 ಸೆಂಟು, ನಿಮಗೆ ಹೇಳಲು ಹೇಳಿದ್ದಾನೆ.’

ಟಿಪ್ಪಣಿ ಈ ತಿಂಗಳ ಕೊನೆಗೆ ಜೆರಾಕ್ಸ್‌ಗೆ ಹೋಗಬೇಕು. ಅಷ್ಟರೊಳಗೆ ಬರೆಯುತ್ತೀರಲ್ಲ?