ಫಲಿತಾಂಶ ಕುಸಿದರೆ ಉತ್ತರ ಹೇಳಬೇಕಾದವರು ಯಾರು?

ಪ್ರಶ್ನೆ (ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿಯ ಅಧ್ಯಕ್ಷೆ): ನಮಸ್ಕಾರ ಸರ್. ನಮ್ಮಲ್ಲಿ ಏಳನೆಯ ತರಗತಿ ಮುಗಿಸಿದ ಮಕ್ಕಳು ಪಕ್ಕದ ಊರಿನ ಪ್ರೌಢಶಾಲೆಗೆ ಸೇರುತ್ತಾರೆ. ಅಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಕುಸಿದು ಮುಖ್ಯೋಪಾಧ್ಯಾಯರಿಗೆ ನೋಟಿಸ್ ಬಂದಿದ್ದು, ಓದಲು ಬಾರದ ಮಕ್ಕಳನ್ನು ನಾವೇ ಮೇಲಕ್ಕೆ ಕಳಿಸಿದ್ದೇವೆ ಎಂದು ಅವರು ಹೇಳುತ್ತಿದ್ದಾರೆ. ಐದು ಮತ್ತು ಎಂಟನೆಯ ತರಗತಿಗೆ ಬೋರ್ಡ್ ಪರೀಕ್ಷೆ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಊರಿನಲ್ಲಿ ಹಲವರು ವಾದಿಸುತ್ತಾರೆ. ಇದು ಸರಿಯೇ?

ಉತ್ತರ (ನಿವೃತ್ತ ಕ್ಷೇತ್ರ ಶಿಕ್ಷಣಾಧಿಕಾರಿ): ಅಧ್ಯಕ್ಷರೇ, ಮೊದಲು ಆ ಶೇಕಡಾವಾರು ಅಂಕಿಯನ್ನೇ ಸ್ವಲ್ಪ ಅನುಮಾನದಿಂದ ನೋಡಿ. ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ 2023ರಲ್ಲಿ ಶೇ 83.89 ಇದ್ದದ್ದು 2024ರ ಮೊದಲ ಪರೀಕ್ಷೆಯಲ್ಲಿ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ಒಂದೇ ವರ್ಷದಲ್ಲಿ ರಾಜ್ಯದ ಶಿಕ್ಷಕರೆಲ್ಲ ಪಾಠ ಮಾಡುವುದನ್ನು ಮರೆತಿರಲಿಲ್ಲ. ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾ ಮೂಲಕ ನೇರ ನಿಗಾ) ಬಂದು ನಕಲಿಗೆ ಅವಕಾಶ ತಗ್ಗಿತ್ತು. ಅಂದರೆ ಹಿಂದಿನ ವರ್ಷಗಳ ಹೊಳಪಿನ ಒಂದು ಪಾಲು ಕಲಿಕೆಯದ್ದೇ ಆಗಿರಲಿಲ್ಲ. ಇಂತಹ ಅಂಕಿಯೊಂದನ್ನೇ ಹಿಡಿದು ಕೊನೆಯ ಮೂರು ವರ್ಷ ಪಾಠ ಮಾಡಿದವರಿಗೆ ನೋಟಿಸ್ ಕೊಟ್ಟರೆ, ಅವರು ಕೆಳಗಿನವರ ಮೇಲೆ ಹೊರಿಸುವುದು ಸಹಜ. ಕೆಳಗಿನವರು ಪೋಷಕರ ಮೇಲೆ ಹೊರಿಸುತ್ತಾರೆ.

ಬೋರ್ಡ್ ಪರೀಕ್ಷೆಯ ಕಥೆ ನಿಮಗೆ ಗೊತ್ತಿರುವುದೇ. ಶಿಕ್ಷಣ ಹಕ್ಕು ಕಾಯ್ದೆಯ 30ನೆಯ ಸೆಕ್ಷನ್ ಪ್ರಕಾರ ಎಂಟನೆಯ ತರಗತಿ ಮುಗಿಯುವವರೆಗೆ ಯಾವ ಮಗುವೂ ಬೋರ್ಡ್ ಪರೀಕ್ಷೆ ಪಾಸು ಮಾಡಬೇಕೆಂದು ಒತ್ತಾಯಿಸುವಂತಿಲ್ಲ. ಸರ್ಕಾರ 5, 8, 9 ಮತ್ತು 11ನೆಯ ತರಗತಿಗಳಿಗೆ ಮಂಡಳಿಯ ಮೂಲಕ ಮೌಲ್ಯಾಂಕನ ನಡೆಸಲು ಹೊರಟಾಗ ವಿಷಯ ಹೈಕೋರ್ಟ್ ತಲುಪಿತು. 2024ರ ಮಾರ್ಚ್ 6ರಂದು ಏಕಸದಸ್ಯ ಪೀಠ ಅಧಿಸೂಚನೆಗಳನ್ನು ರದ್ದು ಮಾಡಿತು, ಮರುದಿನವೇ ವಿಭಾಗೀಯ ಪೀಠ ಆ ಆದೇಶಕ್ಕೆ ತಡೆ ನೀಡಿತು. ಪರೀಕ್ಷೆ ಆರಂಭವಾದ ಮೇಲೆ ಸುಪ್ರೀಂ ಕೋರ್ಟ್ ಆ ತಡೆಯನ್ನು ತೆಗೆದು ಪರೀಕ್ಷೆ ನಿಂತಿತು, ಮತ್ತೆ ನಡೆಯಿತು, ಏಪ್ರಿಲ್‌ನಲ್ಲಿ ಫಲಿತಾಂಶಕ್ಕೇ ತಡೆ ಬಂತು. ಹತ್ತು ವರ್ಷದ ಮಗು ನಾಳೆ ಪರೀಕ್ಷೆ ಇದೆಯೋ ಇಲ್ಲವೋ ಎಂದು ಟಿವಿ ನೋಡಿ ತಿಳಿಯಬೇಕಾಗಿ ಬಂದ ಸುಧಾರಣೆಯನ್ನು ನಾನಂತೂ ಸುಧಾರಣೆ ಎನ್ನಲಾರೆ.

ಮರುಪ್ರಶ್ನೆ (ಪ್ರೌಢಶಾಲಾ ಗಣಿತ ಶಿಕ್ಷಕ): ಸರ್, ನೀವು ಹೇಳುವುದು ಒಪ್ಪಿದರೂ, ಹೇಗಿದ್ದರೂ ಪಾಸು ಎಂದು ಗೊತ್ತಾದ ಮೇಲೆ ಮಕ್ಕಳಿಗೂ ಪೋಷಕರಿಗೂ ಓದಿನ ಚಿಂತೆ ಇರುವುದಿಲ್ಲ. ಎಂಟನೆಯ ತರಗತಿಯಲ್ಲಿ ಭಾಗಾಕಾರ ಬಾರದವರಿಗೆ ನಾನು ಬೀಜಗಣಿತ ಕಲಿಸುವುದು ಹೇಗೆ?

ಉತ್ತರ: ನಿಮ್ಮ ಸಂಕಟ ನಿಜವಾದದ್ದು, ಅದನ್ನು ತಳ್ಳಿಹಾಕುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 2019ರ ತಿದ್ದುಪಡಿ ಐದು ಮತ್ತು ಎಂಟನೆಯ ತರಗತಿಯ ಕೊನೆಯಲ್ಲಿ ಪರೀಕ್ಷೆ ಇರಬೇಕು ಎನ್ನುತ್ತದೆ. ಅನುತ್ತೀರ್ಣರಾದವರನ್ನು ಅದೇ ತರಗತಿಯಲ್ಲಿ ಉಳಿಸಿಕೊಳ್ಳುವುದನ್ನು ರಾಜ್ಯಗಳ ವಿವೇಚನೆಗೆ ಬಿಟ್ಟಿದೆ. ಆದರೆ ಅದಕ್ಕೂ ಮೊದಲು ಹೆಚ್ಚುವರಿ ಬೋಧನೆ ಕೊಟ್ಟು, ಫಲಿತಾಂಶ ಬಂದ ಎರಡು ತಿಂಗಳೊಳಗೆ ಮರುಪರೀಕ್ಷೆ ನಡೆಸಬೇಕೆಂಬುದೂ ಅದೇ ತಿದ್ದುಪಡಿಯಲ್ಲಿದೆ. ಆ ಎರಡು ತಿಂಗಳು ಬೇಸಿಗೆ ರಜೆಯ ಕಾಲ. ಅತಿಥಿ ಶಿಕ್ಷಕರ ಅವಧಿ ಮುಗಿದಿರುತ್ತದೆ, ಕಾಯಂ ಶಿಕ್ಷಕರಿಗೆ ರಜೆ ಇರುತ್ತದೆ. ಹೆಚ್ಚುವರಿ ಪಾಠ ಯಾರು ಮಾಡುತ್ತಾರೆಂದು ತೀರ್ಮಾನವಾಗದೆ ಪರೀಕ್ಷೆ ಮಾತ್ರ ಬಂದರೆ, ಭಾಗಾಕಾರ ಬಾರದ ಮಗು ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಭಾಗಾಕಾರ ಬಾರದೆಯೇ ಕೂರುತ್ತದೆ.

ಇನ್ನು, ನಮ್ಮಲ್ಲಿ ಅಳತೆಗೋಲು ಇಲ್ಲವೆಂದೇನೂ ಅಲ್ಲ. ಒಂದರಿಂದ ಒಂಬತ್ತರವರೆಗೆ ನಾಲ್ಕು ರೂಪಣಾತ್ಮಕ (ಕಲಿಕೆಯ ನಡುವೆ ಮಾಡುವ) ಮೌಲ್ಯಮಾಪನಗಳಿಗೆ ತಲಾ ಶೇ 15, ಎರಡು ಸಂಕಲನಾತ್ಮಕ (ಅವಧಿಯ ಕೊನೆಯ) ಮೌಲ್ಯಮಾಪನಗಳಿಗೆ ತಲಾ ಶೇ 20 ಎಂಬ ಲೆಕ್ಕ ಸಿಸಿಇ, ಅಂದರೆ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಪದ್ಧತಿ ಬಂದಾಗಿನಿಂದ ಇದೆ. ಅದನ್ನು ನಾವೇ ಕೆಡಿಸಿದ್ದೇವೆ. ಭೇಟಿಗೆ ಹೋದಾಗ ಅಂಕಗಳ ವಹಿಯಲ್ಲಿ ಇಡೀ ತರಗತಿಗೆ 15ಕ್ಕೆ 12, 13, 14 ಎಂದು ಒಂದೇ ಶಾಯಿಯಲ್ಲಿ, ಒಂದೇ ಬೈಠಕ್ಕಿನಲ್ಲಿ ಬರೆದಂತೆ ಇರುತ್ತಿತ್ತು. 13 ಪಡೆದ ಆರನೆಯ ತರಗತಿಯ ಹುಡುಗನ ಕೈಗೆ ಮೂರನೆಯ ತರಗತಿಯ ಕನ್ನಡ ಪುಸ್ತಕ ಕೊಟ್ಟರೆ ಒತ್ತಕ್ಷರ ಬಂದಲ್ಲೆಲ್ಲ ನಿಂತು ಮೇಷ್ಟ್ರ ಮುಖ ನೋಡುತ್ತಿದ್ದ. ಆ ವಹಿ ಸತ್ಯ ಹೇಳಿದ್ದರೆ ನಿಮ್ಮ ಸಮಸ್ಯೆ ನಾಲ್ಕನೆಯ ತರಗತಿಯಲ್ಲೇ ಬಯಲಾಗುತ್ತಿತ್ತು. ಸತ್ಯ ಬರೆದ ಶಿಕ್ಷಕನಿಗೇ ನೋಟಿಸ್ ಬರುತ್ತಿರುವಷ್ಟು ಕಾಲ ಅದು ಸತ್ಯ ಹೇಳುವುದೂ ಇಲ್ಲ.

ಮರುಪ್ರಶ್ನೆ (ಎಸ್‌ಡಿಎಂಸಿ ಅಧ್ಯಕ್ಷೆ): ಹಾಗಾದರೆ ನಾವು ಸಭೆಯಲ್ಲಿ ಏನು ಕೇಳಬಹುದು? ಕೇಳಿದರೆ ಶಿಕ್ಷಕರಿಗೆ ಬೇಸರವಾಗುತ್ತದೆ ಎಂಬ ಅಳುಕೂ ಇದೆ.

ಉತ್ತರ: ಅಳುಕು ಬೇಡ. ಕಾಯ್ದೆಯ 21ನೆಯ ಸೆಕ್ಷನ್ ಶಾಲಾ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಭಾಗ ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎನ್ನುತ್ತದೆ. ಬಿಸಿಯೂಟ ಮತ್ತು ಕಟ್ಟಡದ ಬಿಲ್ಲಿಗೆ ಸಹಿ ಹಾಕಿಸಿಕೊಳ್ಳಲು ಮಾತ್ರ ಅಂತಹ ಸಮಿತಿ ಬೇಕಾಗಿರಲಿಲ್ಲ. ನಾಲ್ಕು ಮತ್ತು ಐದನೆಯ ತರಗತಿಯ ಎಷ್ಟು ಮಕ್ಕಳು ಎರಡನೆಯ ತರಗತಿಯ ಪಾಠವನ್ನು ಸರಾಗವಾಗಿ ಓದುತ್ತಾರೆ ಎಂದು ಪ್ರತಿ ಸಭೆಯಲ್ಲಿ ಕೇಳಿ, ನಡಾವಳಿಯಲ್ಲಿ ಬರೆಯಿಸಿ. ಸಿಆರ್‌ಪಿ (ಶಾಲೆಗಳಿಗೆ ಭೇಟಿ ಕೊಡುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಭೇಟಿ ಕೊಟ್ಟು ಸಂದರ್ಶಕರ ಪುಸ್ತಕದಲ್ಲಿ ಏನು ಬರೆದಿದ್ದಾರೆಂದು ಓದಿಸಿ. ‘ಶಾಲೆ ಚೆನ್ನಾಗಿ ನಡೆಯುತ್ತಿದೆ’ ಎಂಬ ಒಂದೇ ಸಾಲಿದ್ದರೆ ಮುಂದಿನ ಸಲ ಅವರನ್ನೇ ಸಭೆಗೆ ಕರೆಯಿರಿ. ಖಾಲಿ ಹುದ್ದೆ ಇದ್ದರೆ ಎಂದಿನಿಂದ ಖಾಲಿ ಇದೆ ಎಂಬುದನ್ನು ದಿನಾಂಕ ಸಹಿತ ಠರಾವಿನಲ್ಲಿ ಸೇರಿಸಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕಳಿಸಿ, ಸ್ವೀಕೃತಿ ಪಡೆಯಿರಿ. ಕೊನೆಯ ಈ ಕಾಗದಕ್ಕೆ ಶಿಕ್ಷಕರು ಬೇಸರಪಡುವುದಿಲ್ಲ, ನಿಮ್ಮ ಜೊತೆ ನಿಲ್ಲುತ್ತಾರೆ. ಮುಂದೆ ಪ್ರೌಢಶಾಲೆಯಿಂದ ದೂರು ಬಂದಾಗ ನಿಮ್ಮ ನಡಾವಳಿ ಪುಸ್ತಕವನ್ನೇ ತೋರಿಸಿ, ಅಲ್ಲಿನ ಶಿಕ್ಷಕರನ್ನೂ ಕರೆದು ಒಂದು ಜಂಟಿ ಸಭೆ ಮಾಡಿ.