ಮೈಸೂರಿನಲ್ಲಿ ಮನೆ ಎಲ್ಲಿ ಮಾಡಬೇಕು? ಇದ್ದು ಬಲ್ಲವರ ಮಾತು

ಕೇಳಿದವರು, ಶಿವಮೊಗ್ಗದಿಂದ:
ಯಜಮಾನರಿಗೆ ಹೆಬ್ಬಾಳು ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಸಿಕ್ಕಿದೆ. ಬೇಸಿಗೆ ರಜೆಯಲ್ಲಿ ಮೈಸೂರಿಗೆ ಬರುತ್ತಿದ್ದೇವೆ. ಮಂಡಿನೋವಿರುವ ಅತ್ತೆ, ಆರನೇ ತರಗತಿಗೆ ಹೋಗುವ ಮಗಳು ಜೊತೆಗಿದ್ದಾರೆ. ಸರಸ್ವತಿಪುರಂನಲ್ಲಿ ಹಳೆಯ ಮನೆಯ ನೆಲಮಹಡಿ, ರಿಂಗ್ ರಸ್ತೆಯಾಚೆ ಹೊಸ ಬಡಾವಣೆಯಲ್ಲಿ ದೊಡ್ಡ ಮನೆ, ಎರಡನ್ನೂ ನೋಡಿದ್ದೇವೆ. ಬಾಡಿಗೆ ಹೆಚ್ಚುಕಡಿಮೆ ಒಂದೇ. ಯಾವುದಾದೀತು?

ಸರಸ್ವತಿಪುರಂನಿಂದ ಒಬ್ಬರು:
ಮೇಡಂ, ಯಜಮಾನರೂ ಮಗಳೂ ಬೆಳಿಗ್ಗೆ ಹೊರಟರೆ ಬರುವುದು ಸಂಜೆಗೆ. ದಿನವಿಡೀ ಆ ಬೀದಿಯಲ್ಲಿ ಬಾಳಬೇಕಾದವರು ನಿಮ್ಮ ಅತ್ತೆ. ಆದ್ದರಿಂದ ಅವರ ಕಾಲಿಗೆ ಎಟಕುವ ಊರನ್ನು ಆರಿಸಿ ಎಂದೇ ನನ್ನ ಒತ್ತಾಯ. ನನ್ನ ಅಮ್ಮನೂ ಕೋಲು ಹಿಡಿದೇ ನಡೆಯುವವರು. ಬೆಳಿಗ್ಗೆ ಸೊಪ್ಪಿನ ಗಾಡಿ ಬಂದ ಸದ್ದಿಗೆ ಗೇಟಿನ ಬಳಿ ಹೋಗುತ್ತಾರೆ. ದಂಟಿನ ಕಂತೆಯ ಬುಡ ಮುರಿದು ನೋಡಿ, ಬಲಿತಿದ್ದರೆ ಹಿಂದಕ್ಕೆ ಇಡುತ್ತಾರೆ. ಎದುರು ಮನೆಯವರೂ ಅಷ್ಟು ಹೊತ್ತಿಗೆ ಬಂದಿರುತ್ತಾರೆ, ಮಾತು ಶುರುವಾಗುತ್ತದೆ. ಔಷಧದ ಅಂಗಡಿ, ಹಿಟ್ಟಿನ ಗಿರಣಿ, ದೇವಸ್ಥಾನ ಎಲ್ಲವೂ ನಿಧಾನವಾಗಿ ನಡೆದು ತಲುಪುವಷ್ಟೇ ದೂರ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನೀವೂ ಮಗಳೂ ಸುತ್ತು ಹಾಕಬಹುದು. ಶಕ್ತಿ ಯೋಜನೆ ಬಂದ ಮೇಲೆ ಅಮ್ಮ ಯಾರನ್ನೂ ಕಾಯದೆ ಸಿಟಿ ಬಸ್ಸಿನಲ್ಲಿ ದೇವರಾಜ ಮಾರುಕಟ್ಟೆಗೆ ಹೋಗಿ ಬರುತ್ತಾರೆ. ಆ ಸ್ವಾತಂತ್ರ್ಯ ದೊಡ್ಡದು.

ಕಷ್ಟಗಳನ್ನೂ ಹೇಳಬೇಕು. ಚಾಮರಾಜನಗರದ ರೈಲು ಹೋಗುವಾಗ ಗೇಟು ಬಿದ್ದರೆ ಕಚೇರಿಯ ಹೊತ್ತಿನಲ್ಲಿ ವಾಹನಗಳ ಸಾಲು ಬೆಳೆಯುತ್ತದೆ. ಹಳೆಯ ಮನೆಗಳು ಒಂದೊಂದಾಗಿ ಪಿ.ಜಿ.ಗಳಾಗಿವೆ, ಅವರ ಸ್ಕೂಟರುಗಳು ನಮ್ಮ ಗೇಟಿಗೆ ಅಡ್ಡ ನಿಲ್ಲುತ್ತವೆ. ಮಳೆಗಾಲದಲ್ಲಿ ಹಳೆಯ ಗೋಡೆ ತೇವ ಹೀರುತ್ತದೆ, ಬೀರುವಿನ ಹಿಂದಿನ ಸುಣ್ಣವನ್ನು ಮುಟ್ಟಿ ನೋಡಿ. ಮನೆಯ ಹಿಂದಿನ ಕನ್ಸರ್ವೆನ್ಸಿ ಗಲ್ಲಿಯನ್ನೂ, ಅಂದರೆ ಎರಡು ಸಾಲು ಮನೆಗಳ ಬೆನ್ನ ನಡುವೆ ಶುಚಿಯ ಕೆಲಸಕ್ಕೆಂದು ಬಿಟ್ಟ ಸಣ್ಣ ಓಣಿಯನ್ನೂ, ಕಾಣದೆ ಬರಬೇಡಿ. ಪ್ಲೇಗ್ ಕಾಡಿದ ನಂತರ, 1903ರಲ್ಲಿ ನಗರ ಸುಧಾರಣಾ ಟ್ರಸ್ಟ್ ಮಂಡಳಿ ಬಂದು ಊರನ್ನು ಗಾಳಿ ಬೆಳಕಿಗೆ ತೆರೆದುಕೊಂಡಂತೆ ಬೆಳೆಸತೊಡಗಿತು. ಹಳೆಯ ಬಡಾವಣೆಗಳಿಗೆ ಈ ಗಲ್ಲಿ ಅಂಥ ಆಸ್ತಿ. ಕೆಲವು ಬೀದಿಗಳಲ್ಲಿ ಅದು ಇಂದು ಕಸದ ತೊಟ್ಟಿಯಾಗಿರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅಡುಗೆಮನೆಯ ಕಿಟಕಿ ಅತ್ತ ತೆರೆಯುವುದಾದರೆ ಸೊಳ್ಳೆಗೆ ಜಾಲರಿ ಹಾಕಿಸಿಕೊಡಲು ಮನೆಯ ಮಾಲೀಕರಿಗೆ ಮೊದಲೇ ಹೇಳಿ.

ರಿಂಗ್ ರಸ್ತೆಯಾಚೆಯಿಂದ:
ನಾವು ಹೊಸ ಬಡಾವಣೆಯಲ್ಲಿದ್ದೇವೆ, ಇಲ್ಲಿಯೇ ಇರುತ್ತೇವೆ. ಚಾಮುಂಡಿ ಬೆಟ್ಟ ಮಹಡಿಯಿಂದಲೇ ಕಾಣುತ್ತದೆ, ಗಾಳಿ ಧಾರಾಳ, ಮಕ್ಕಳು ಖಾಲಿ ರಸ್ತೆಯಲ್ಲಿ ಸೈಕಲ್ ಕಲಿತರು. ನಿಮ್ಮ ಯಜಮಾನರಿಗೂ ರಿಂಗ್ ರಸ್ತೆ ಹಿಡಿದರೆ ಹೆಬ್ಬಾಳಿಗೆ ಸಿಗ್ನಲ್ಲುಗಳ ಕಾಟ ಕಡಿಮೆ. ಆದರೆ ನೀರಿನ ವಿಷಯದಲ್ಲಿ ಬಾಯಿಮಾತನ್ನು ನಂಬಬೇಡಿ. "ಕಾವೇರಿ ಇದೆ" ಎಂದು ನಮಗೂ ಹೇಳಿದ್ದರು. ಬಂದು ನೋಡಿದರೆ ಕಾವೇರಿ ನೀರು ಅಂಗಳದ ಒಂದು ನಲ್ಲಿಗೆ ಮಾತ್ರ, ಉಳಿದದ್ದೆಲ್ಲ ಬೋರ್‌ವೆಲ್. ಅಡುಗೆಮನೆಯ ನಲ್ಲಿಯ ಬಾಯಿಗೆ ಬೆರಳಿಟ್ಟು ನೋಡಿ: ಬಿಳಿಯ ಗಟ್ಟಿ ಪದರ ಕೂತಿದ್ದರೆ ಅದು ಗಡಸು ನೀರು. ಅದೇ ಪದರ ಸೋಲಾರ್ ಹೀಟರಿನ ಕೊಳವೆಯೊಳಗೂ ಕಟ್ಟುತ್ತದೆ. ಸಂಪಿನ ಮುಚ್ಚಳ ತೆಗೆಸಿ ಎಷ್ಟು ಆಳ ಎಂದು ಕೇಳಿ.

ಸಂಜೆ ಏಳರ ನಂತರ ಬಸ್ಸು ವಿರಳ. ಇಲ್ಲಿಂದ ಬೇರೆ ಬಡಾವಣೆಗೆ ಹೋಗಬೇಕೆಂದರೂ ಬಹುತೇಕ ಅರಮನೆ ಪಕ್ಕದ ಸಿಟಿ ಬಸ್ ನಿಲ್ದಾಣಕ್ಕೆ ಹೋಗಿ ಬಸ್ ಬದಲಿಸಬೇಕು. ಮನೆಯಲ್ಲಿ ಎರಡನೇ ಸ್ಕೂಟರ್ ಇಲ್ಲದಿದ್ದರೆ ಹಗಲಿನಲ್ಲಿ ನೀವು ಕಟ್ಟಿಹಾಕಿದಂತೆ ಇರುತ್ತೀರಿ.

ಇಟ್ಟಿಗೆಗೂಡಿನಿಂದ:
ಯಾರಾದರೂ ನಮ್ಮ ಕಡೆ ಮನೆ ತೋರಿಸಿದರೆ ದಸರೆಯನ್ನು ನೆನಪಿಟ್ಟುಕೊಂಡು ಒಪ್ಪಿ. ಮೃಗಾಲಯ ಒಂದು ಕಡೆ, ದೊಡ್ಡಕೆರೆ ಮೈದಾನದ ವಸ್ತುಪ್ರದರ್ಶನ ಇನ್ನೊಂದು ಕಡೆ. ದೀಪಾಲಂಕಾರ ನೋಡಲು ಬರುವ ಜನಸಾಗರದ ನಡುವೆ ಸ್ವಂತ ಮನೆಗೆ ವಾಹನ ತರುವುದೇ ಸಾಹಸ. ಉಳಿದ ದಿನಗಳಲ್ಲಿ ನೆಮ್ಮದಿಯ ಜಾಗ. ನಸುಕಿನಲ್ಲಿ ಸಿಂಹದ ಗರ್ಜನೆ ಕೇಳಿಸುತ್ತದೆ, ನನಗಂತೂ ಅದು ಇಷ್ಟ.

ವಿಜಯನಗರದಿಂದ:
ಎರಡೇ ಮನೆಗಳ ನಡುವೆ ಏಕೆ ಸಿಕ್ಕಿಕೊಂಡಿದ್ದೀರಿ? ವಿಜಯನಗರದ ಮೊದಲ, ಎರಡನೇ ಹಂತಗಳನ್ನೂ ಒಮ್ಮೆ ಸುತ್ತಿ. ಹೆಬ್ಬಾಳು ಹತ್ತಿರ, ಅಂಗಡಿಗಳೂ ಹತ್ತಿರ. ವಿದ್ಯಾರಣ್ಯಪುರಂ ಅಥವಾ ಜೆ.ಪಿ. ನಗರದ ಕಡೆ ನೋಡುವುದಾದರೆ ಸೂಯೇಜ್ ಫಾರಂ ದಿಕ್ಕಿನಿಂದ ಗಾಳಿ ಬೀಸುವ ಸಂಜೆ ಹೋಗಿ, ಅರ್ಧ ಗಂಟೆ ನಿಂತು ಬನ್ನಿ. ಅಲ್ಲಿ ಒಂದು ಬೀದಿಗೆ ಬರುವ ವಾಸನೆ ಇನ್ನೊಂದಕ್ಕೆ ಬರುವುದಿಲ್ಲ. ಎಲ್ಲಿಯೇ ಆಗಲಿ, ಮುಂಗಡ ಕೊಡುವ ಮೊದಲು ಅತ್ತೆಯವರನ್ನು ಕರೆತಂದು ಗೇಟಿನಿಂದ ಹತ್ತಿರದ ಅಂಗಡಿಯವರೆಗೆ ನಡೆಸಿ ನೋಡಿ. ಕರಾರು ಪತ್ರ ಸಾಮಾನ್ಯವಾಗಿ 11 ತಿಂಗಳಿಗೆ ಇರುತ್ತದೆ. ಬಿಡುವಾಗ ಬಣ್ಣಕ್ಕೆಂದು ಎಷ್ಟು ಹಿಡಿಯುತ್ತಾರೆ ಎಂಬುದನ್ನು ಅದರಲ್ಲೇ ಬರೆಸಿಕೊಳ್ಳಿ.