ಆರು ಅಡಿಯ ಪಟ್ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ: ಸ್ಟ್ರೋಕ್ ಸ್ಥಿರವಾಗುವುದು ಹೇಗೆ?

ಪ್ರಶ್ನೆ

ನಾನು ಗಾಲ್ಫ್ ಆಡಲು ತೊಡಗಿ ನಾಲ್ಕು ವರ್ಷಗಳಾದವು. ದೂರ ಹೊಡೆಯುವ ಕೋಲುಗಳಾದ ಡ್ರೈವರ್ ಮತ್ತು ಐರನ್‌ಗಳು ತಕ್ಕಮಟ್ಟಿಗೆ ಕೈಗೆ ಹತ್ತಿವೆ. ಆದರೆ ಗ್ರೀನ್ (ಹೋಲಿನ ಸುತ್ತಲಿನ ನುಣುಪಾದ ಹುಲ್ಲುಹಾಸು) ತಲುಪಿದ ಮೇಲೆ, ಅಲ್ಲಿಯವರೆಗೆ ಉಳಿಸಿಕೊಂಡು ಬಂದದ್ದನ್ನೆಲ್ಲ ಕಳೆದುಕೊಳ್ಳುತ್ತಿದ್ದೇನೆ. ಮೂವತ್ತು ಅಡಿಯ ಪಟ್ (ಚೆಂಡನ್ನು ಹೋಲಿನತ್ತ ಉರುಳಿಸುವ ಹೊಡೆತ) ಹೋಲಿನ ಹತ್ತಿರವೇ ಹೋಗಿ ನಿಲ್ಲುತ್ತದೆ, ಐದಾರು ಅಡಿಯದು ಮಾತ್ರ ಒಮ್ಮೆ ಎಡಕ್ಕೆ, ಮತ್ತೊಮ್ಮೆ ಬಲಕ್ಕೆ ತಪ್ಪುತ್ತದೆ. ಒಂದೇ ಕಡೆಗೆ ತಪ್ಪುತ್ತಿದ್ದರೆ ತಿದ್ದಿಕೊಳ್ಳಬಹುದಿತ್ತು. ಪಟ್ಟರನ್ನು (ಪಟ್ ಮಾಡುವ ಕೋಲನ್ನು) ನೇರವಾಗಿ ಹಿಂದಕ್ಕೆ ಒಯ್ದು ನೇರವಾಗಿಯೇ ಮುಂದಕ್ಕೆ ತರಬೇಕೆಂದು ಒಬ್ಬರು ಕಲಿಸಿದರು. ಅದು ತುಸು ಬಾಗಿದ ಹಾದಿಯಲ್ಲಿ ಚಲಿಸುವುದೇ ಸಹಜವೆಂದು ಇನ್ನೊಬ್ಬರು ಹೇಳಿದರು. ಎರಡನ್ನೂ ತಿಂಗಳುಗಟ್ಟಲೆ ಮಾಡಿ ನೋಡಿದ್ದೇನೆ, ನಡುವೆ ಮೂರು ಸಲ ಹಿಡಿತವನ್ನೂ ಬದಲಿಸಿದ್ದೇನೆ. ನಾನು ಬಲಗೈ ಆಟಗಾರ. ಮೊದಲು ಯಾವುದನ್ನು ಸರಿಪಡಿಸಿಕೊಳ್ಳಬೇಕು?

ಮೊದಲ ಉತ್ತರ

ನೇರ ಹಾದಿಯೋ ಬಾಗಿದ ಹಾದಿಯೋ ಎಂಬ ಚರ್ಚೆಯನ್ನು ಸದ್ಯಕ್ಕೆ ಬದಿಗಿಡಿ. ಎರಡೂ ಬಗೆಯಲ್ಲಿ ಚೆನ್ನಾಗಿ ಪಟ್ ಮಾಡುವವರಿದ್ದಾರೆ. ಚೆಂಡು ಯಾವ ದಿಕ್ಕಿಗೆ ಹೊರಡುತ್ತದೆ ಎಂಬುದನ್ನು ಬಹುಪಾಲು ನಿರ್ಧರಿಸುವುದು, ಚೆಂಡಿಗೆ ತಾಗುವ ಕ್ಷಣದಲ್ಲಿ ಪಟ್ಟರಿನ ಮುಖ ಎತ್ತ ನೋಡುತ್ತಿದೆ ಎಂಬುದೇ ಹೊರತು ಅದು ಬಂದ ಹಾದಿಯಲ್ಲ. ಹಾದಿಯ ಪಾಲು ಅದರ ಮುಂದೆ ಚಿಕ್ಕದು.

ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಹೋಲಿನ ವ್ಯಾಸ 4.25 ಅಂಗುಲ, ಅಂದರೆ 108 ಮಿಲಿಮೀಟರ್. ನಿಧಾನವಾಗಿ ಬರುವ ಚೆಂಡಿನ ನಡುಬಿಂದು ಅಂಚಿನೊಳಗೆ ಬಂದರೆ ಸಾಕು, ಅದು ಒಳಗೆ ಬೀಳುತ್ತದೆ. ಹಾಗಾಗಿ ನಡುಗೆರೆಯಿಂದ ಎರಡೂ ಕಡೆಗೆ ಎರಡು ಅಂಗುಲಕ್ಕಿಂತ ತುಸು ಹೆಚ್ಚು ಜಾಗವಿದೆ. ಸಮತಟ್ಟಾದ ಗ್ರೀನಿನಲ್ಲಿ ಹೊರಡುವ ದಿಕ್ಕು 1 ಡಿಗ್ರಿ ತಪ್ಪಿದರೆ ಚೆಂಡು 10 ಅಡಿಗಳ ದೂರದಲ್ಲಿ ಸುಮಾರು 2.1 ಅಂಗುಲ, 6 ಅಡಿಗಳ ದೂರದಲ್ಲಿ ಸುಮಾರು 1.25 ಅಂಗುಲ ಪಕ್ಕಕ್ಕೆ ಸರಿದಿರುತ್ತದೆ. ಅಂದರೆ ಹತ್ತು ಅಡಿಯಲ್ಲಿ ನಿಮಗಿರುವ ವಿನಾಯಿತಿ ಒಂದೇ ಡಿಗ್ರಿ, ಆರು ಅಡಿಯಲ್ಲಿ ಒಂದೂವರೆ ಡಿಗ್ರಿಯ ಆಸುಪಾಸು. ಮಣಿಕಟ್ಟು ಕಣ್ಣಿಗೆ ಕಾಣದಷ್ಟು ತಿರುಗಿದರೂ ಆ ವಿನಾಯಿತಿ ಮುಗಿದುಹೋಗುತ್ತದೆ.

ಆದ್ದರಿಂದ ಗ್ರೀನಿನ ಇಳಿಜಾರು, ಹುಲ್ಲು, ನಿಮ್ಮ ಅಂದಾಜು ಇವೆಲ್ಲವನ್ನೂ ಹೊರಗಿಟ್ಟು ಮುಖವನ್ನು ಮಾತ್ರ ಪರೀಕ್ಷಿಸಬೇಕು. ಒಂದು ಮೀಟರ್ ಉದ್ದದ ಉಕ್ಕಿನ ಅಳತೆಪಟ್ಟಿಯನ್ನು ಸಮವಾದ ನೆಲದ ಮೇಲಿಟ್ಟು, ಒಂದು ತುದಿಯಲ್ಲಿ ಚೆಂಡನ್ನಿರಿಸಿ, ಅದು ಪಟ್ಟಿಯ ಮೇಲೆಯೇ ಉರುಳಿ ಇನ್ನೊಂದು ತುದಿಯಿಂದ ಇಳಿಯುವಂತೆ ಪಟ್ ಮಾಡಿ. ಪಟ್ಟಿ ಮೂರು ಸೆಂಟಿಮೀಟರ್ ಅಗಲವಾಗಿದ್ದರೆ, ಚೆಂಡು ಕೊನೆಯವರೆಗೆ ಉಳಿಯಲು ದಿಕ್ಕಿನ ತಪ್ಪು ಒಂದು ಡಿಗ್ರಿಗಿಂತ ಕಡಿಮೆ ಇರಲೇಬೇಕು. ಆರು ಅಡಿಯ ಪಟ್ ಕೇಳುವುದಕ್ಕಿಂತ ಇದು ಕಠಿಣ. ಇಪ್ಪತ್ತು ಸಲ ಮಾಡಿ, ಯಾವ ಬದಿಗೆ ಎಷ್ಟು ಜಾರಿದವು ಎಂದು ಬರೆದಿಡಿ. ಅದೇ ಹೊತ್ತಿಗೆ ಪಟ್ಟರಿನ ಮುಖಕ್ಕೆ ಸೀಮೆಸುಣ್ಣದ ಪುಡಿಯನ್ನು ತೆಳುವಾಗಿ ಸವರಿದರೆ ಚೆಂಡು ಎಲ್ಲಿ ತಾಗುತ್ತಿದೆಯೆಂಬುದೂ ಕಾಣುತ್ತದೆ.

ಹಿಡಿತವನ್ನು ಈಗ ಮುಟ್ಟಬೇಡಿ. ಎಡಗೈಯ ತೋರುಬೆರಳನ್ನು ಬಲಗೈಯ ಬೆರಳುಗಳ ಮೇಲೆ ಚಾಚುವ ರೂಢಿಯ ಹಿಡಿತವಾಗಲಿ, ಎಡಗೈಯನ್ನು ಕೆಳಗಿಡುವ ಹಿಡಿತವಾಗಲಿ, ಎಲ್ಲದರ ಉದ್ದೇಶವೂ ಮಣಿಕಟ್ಟನ್ನು ಸುಮ್ಮನಿರಿಸಿ ಭುಜಗಳಿಂದ ಪಟ್ಟರನ್ನು ತೂಗುವುದೇ.

ಎರಡನೆಯ ಉತ್ತರ

ಮುಖದ ವಿಷಯದಲ್ಲಿ ಮೇಲಿನವರ ಮಾತು ಸರಿ. ಆದರೆ ಮುಖ ಏಕೆ ತಿರುಗುತ್ತದೆ ಎಂಬ ಪ್ರಶ್ನೆ ಉಳಿದುಕೊಂಡಿದೆ. ನಾನು ಕಂಡಂತೆ ಇದಕ್ಕೆ ಮುಖ್ಯ ಕಾರಣ ಲಯ ತಪ್ಪುವುದು. ‘ಚೆಂಡಿಗೆ ತಾಗುವಾಗ ವೇಗ ಹೆಚ್ಚಿಸಿ’ ಎಂಬ ಸಲಹೆಯನ್ನು ಅಕ್ಷರಶಃ ನಂಬಿದವರು ಪಟ್ಟರನ್ನು ಗೇಣುದ್ದವೂ ಹಿಂದಕ್ಕೊಯ್ಯದೆ ಮುಂದಕ್ಕೆ ಕುಕ್ಕುತ್ತಾರೆ. ಕುಕ್ಕುವಾಗ ಬೆರಳುಗಳು ಬಿಗಿಯುತ್ತವೆ, ಬಿಗಿದ ಬೆರಳುಗಳು ಮುಖವನ್ನು ತಿರುಗಿಸುತ್ತವೆ. ಮೂವತ್ತು ಅಡಿಗೆ ನೀವು ಧಾರಾಳವಾಗಿ ತೂಗುತ್ತೀರಿ, ಆರು ಅಡಿಗೆ ಅಂಜಿ ಕುಕ್ಕುತ್ತೀರಿ ಎಂದು ನನ್ನ ಊಹೆ. ಹಿಂದಕ್ಕೆ ಹೋಗಲು ಹಿಡಿಯುವ ಸಮಯ, ಅಲ್ಲಿಂದ ಚೆಂಡಿಗೆ ತಾಗುವ ಸಮಯದ ಸುಮಾರು ಎರಡರಷ್ಟು ಇರಲಿ. ಬಾಯಲ್ಲೇ ‘ಒಂದು, ಎರಡು’ ಎಂದು ಎಣಿಸಿ ‘ಮೂರು’ ಎನ್ನುವಾಗ ಚೆಂಡು ತಾಗಿದರೆ ಸಾಕು, ಇದಕ್ಕೆ ಉಪಕರಣ ಬೇಡ. ದೂರ ಬದಲಾದಾಗ ತೂಗುವ ಉದ್ದ ಬದಲಾಗಲಿ, ಎಣಿಕೆ ಬದಲಾಗದಿರಲಿ.

ವೇಗಕ್ಕೂ ಹೋಲಿನ ಅಗಲಕ್ಕೂ ಸಂಬಂಧವಿದೆ. ಚೆಂಡು ರಭಸದಿಂದ ಬಂದಷ್ಟೂ ಅಂಚಿಗೆ ತಾಗಿ ಸುತ್ತಿ ಹೊರಬೀಳುವ ಸಾಧ್ಯತೆ ಹೆಚ್ಚುವುದರಿಂದ, ಮೇಲೆ ಹೇಳಿದ ಎರಡು ಅಂಗುಲ ನಿಧಾನದ ಚೆಂಡಿಗೆ ಮಾತ್ರ ಸಿಗುತ್ತದೆ. ತಪ್ಪಿದ ಪಟ್ ಹೋಲನ್ನು ದಾಟಿ 17 ಅಂಗುಲ ಹೋಗಿ ನಿಲ್ಲುವಷ್ಟು ವೇಗ ಒಳ್ಳೆಯದೆಂದು ಗಾಲ್ಫ್ ತರಬೇತುದಾರ ಡೇವ್ ಪೆಲ್ಜ್ ಕಲಿಸುತ್ತಿದ್ದರು. ನನಗೆ ಅದೂ ತುಸು ಹೆಚ್ಚೆನಿಸುತ್ತದೆ, ಇಳಿಜಾರಿನಲ್ಲಂತೂ ಖಂಡಿತ.

ಇನ್ನೊಂದು ಮಾತು. ಅಮೆರಿಕದ ವೃತ್ತಿಪರ ಸ್ಪರ್ಧಾಸರಣಿಯಾದ ಪಿಜಿಎ ಟೂರ್‌ನ ಆಟಗಾರರು 8 ಅಡಿಯಿಂದ ಹೆಚ್ಚುಕಡಿಮೆ ಅರ್ಧದಷ್ಟು ಪಟ್‌ಗಳನ್ನು ಮಾತ್ರ ಹೋಲಿಗೆ ಹಾಕುತ್ತಾರೆ. ಟಿವಿಯಲ್ಲಿ ಕಾಣುವವರು ಆ ವಾರ ಎಲ್ಲವನ್ನೂ ಹಾಕುತ್ತಿರುವವರು, ಆದ್ದರಿಂದ ನಮ್ಮ ನಿರೀಕ್ಷೆ ಅಳತೆ ಮೀರುತ್ತದೆ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಇಬ್ಬರಿಗೂ ಧನ್ಯವಾದಗಳು. ಅಳತೆಪಟ್ಟಿಯ ಮೇಲೆ ಇಪ್ಪತ್ತು ಚೆಂಡುಗಳಲ್ಲಿ ಆರು ಮಾತ್ರ ಕೊನೆ ಮುಟ್ಟಿದವು. ಉಳಿದ ಹದಿನಾಲ್ಕರಲ್ಲಿ ಹನ್ನೆರಡು ಬಲಕ್ಕೇ ಜಾರಿದವು. ಸುಣ್ಣದ ಗುರುತು ಮುಖದ ನಡುವಿನಲ್ಲಿರದೆ, ನನ್ನಿಂದ ದೂರವಿರುವ ತುದಿಯ ಕಡೆಗೆ, ಅಂದರೆ ಟೋ ಕಡೆಗೆ ಬೀಳುತ್ತಿದೆ. ಎಣಿಸುತ್ತಾ ಮಾಡಿದಾಗ ಸ್ವಲ್ಪ ಸುಧಾರಿಸಿತು, ಗುರುತಿನ ಜಾಗ ಮಾತ್ರ ಬದಲಾಗಲಿಲ್ಲ. ಹಾಗಾದರೆ ಆಟದಲ್ಲಿ ಎಡಕ್ಕೂ ತಪ್ಪುವುದೇಕೆ? ಪಟ್ಟರನ್ನೇ ಬದಲಿಸಬೇಕೆ?

ಮೂರನೆಯ ಉತ್ತರ

ನಿಮ್ಮ ಎಡದ ತಪ್ಪು ಬೇರೆ ಕಾಯಿಲೆಯಲ್ಲ, ಬಲದ ತಪ್ಪಿಗೆ ನೀವೇ ಮಾಡಿಕೊಂಡ ಮದ್ದು. ಚೆಂಡು ಟೋ ಕಡೆಗೆ ತಾಗಿದಾಗ ಪಟ್ಟರಿನ ತಲೆ ಹಿಂದಕ್ಕೆ ತಿರುಚಿಕೊಂಡು ಮುಖ ಬಲಕ್ಕೆ ತೆರೆಯುತ್ತದೆ, ವೇಗವೂ ಕುಂದುತ್ತದೆ. ಎರಡು ಮೂರು ಪಟ್‌ಗಳು ಹೀಗೆ ಹೋದ ಮೇಲೆ ಕೈ ತಾನಾಗಿಯೇ ಮುಖವನ್ನು ಎಡಕ್ಕೆ ಮುಚ್ಚತೊಡಗುತ್ತದೆ. ಅಂಥ ಹೊತ್ತಿನಲ್ಲಿ ಆಕಸ್ಮಿಕವಾಗಿ ನಡುವಿಗೆ ತಾಗಿದ ಚೆಂಡು ಎಡಕ್ಕೆ ಹೋಗುತ್ತದೆ. ನಾನೂ ಎರಡು ವರ್ಷ ಇದೇ ಸುಳಿಯಲ್ಲಿದ್ದೆ.

ಈ ತಿರುಚುವಿಕೆಯನ್ನು ತಗ್ಗಿಸಲೆಂದೇ ಎಂಜಿನಿಯರ್ ಕಾರ್ಸ್ಟನ್ ಸೋಲ್‌ಹೈಮ್ 1959ರಲ್ಲಿ ತಲೆಯ ಭಾರವನ್ನು ನಡುವಿನಿಂದ ಎರಡು ತುದಿಗಳಿಗೆ ಹಂಚಿ ಪಿಂಗ್ ಪಟ್ಟರನ್ನು ರೂಪಿಸಿದ್ದು. ಇಂದಿನ ಅಗಲ ತಲೆಯ ಪಟ್ಟರ್‌ಗಳು ಅದೇ ತತ್ವವನ್ನು ಇನ್ನಷ್ಟು ಮುಂದಕ್ಕೊಯ್ದಿವೆ. ಅಂಥದನ್ನು ಕೊಂಡರೆ ತಪ್ಪಿನ ಪರಿಣಾಮ ಕಡಿಮೆಯಾದೀತು, ತಪ್ಪು ಹಾಗೆಯೇ ಉಳಿಯುತ್ತದೆ. ಕೊಳ್ಳುವ ಮುನ್ನ ಎರಡು ವಿಷಯ ನೋಡಿ. ನಿಂತ ಭಂಗಿಯಲ್ಲಿ ಕಣ್ಣುಗಳ ನಡುವೆ, ಮೂಗಿನ ಬುಡದಿಂದ ಒಂದು ಚೆಂಡನ್ನು ಕೆಳಕ್ಕೆ ಬಿಡಿ. ಅದು ನೆಲದ ಚೆಂಡಿನ ಮೇಲೆ ಅಥವಾ ಅದಕ್ಕಿಂತ ಒಂದೆರಡು ಅಂಗುಲ ನಿಮ್ಮ ಕಡೆಗೆ ಬೀಳಬೇಕು. ಬಹಳ ಈಚೆಗೆ ಬಿದ್ದರೆ ನೀವು ದೂರ ನಿಂತಿದ್ದೀರಿ, ಬಹುಶಃ ಪಟ್ಟರ್ ನಿಮಗೆ ಉದ್ದವಾಗಿದೆ. ಎರಡನೆಯದಾಗಿ, ಪಟ್ಟರಿನ ತಲೆಯ ಎರಡೂ ಬದಿಗೆ ಒಂದು ಬೆರಳಿನಷ್ಟು ಜಾಗ ಬಿಟ್ಟು ಎರಡು ಟೀಗಳನ್ನು (ಚೆಂಡನ್ನು ಇಡುವ ಚಿಕ್ಕ ಗೂಟಗಳನ್ನು) ನೆಟ್ಟು, ಚೆಂಡನ್ನು ಅವುಗಳ ನಡುವೆ ಇಟ್ಟು ಪಟ್ ಮಾಡಿ. ಪಟ್ಟರಿನ ತಲೆ ನಿಮ್ಮ ಕಡೆಯ ಟೀಗೆ ಬಡಿಯುವುದು ಬಹುತೇಕ ಖಚಿತ, ಏಕೆಂದರೆ ಮುಂದಕ್ಕೆ ಬರುವಾಗ ಪಟ್ಟರನ್ನು ಮೈಕಡೆಗೆ ಎಳೆದುಕೊಳ್ಳುತ್ತಿದ್ದೀರಿ. ಬಡಿಯುವುದು ನಿಲ್ಲುವವರೆಗೆ ಮೂರು ಅಡಿಯಿಂದ ಆಚೆ ಹೋಗಬೇಡಿ.

ಆಮೇಲೆ ಒಂದೇ ಚೆಂಡಿನಿಂದ ಅಭ್ಯಾಸ ಮಾಡಿ, ಪ್ರತಿ ಸಲವೂ ಬೇರೆ ಕಡೆಯಿಂದ, ಬೇರೆ ದೂರದಿಂದ. ಒಂದೇ ಜಾಗದಲ್ಲಿ ನಿಂತು ಹತ್ತು ಚೆಂಡು ಹಾಕುವಾಗ ಮೊದಲನೆಯದು ಕಲಿಸಿದ ಪಾಠ ಉಳಿದ ಒಂಬತ್ತಕ್ಕೆ ನೆರವಾಗುತ್ತದೆ. ಆಟದಲ್ಲಿ ಆ ಮೊದಲನೆಯದು ಮಾತ್ರ ಸಿಗುತ್ತದೆ.

ಗುರುತು ನಡುವಿಗೆ ಬಂದ ಮೇಲೂ ಚೆಂಡುಗಳು ಪಟ್ಟಿಯಿಂದ ಬಲಕ್ಕೇ ಜಾರುತ್ತಿದ್ದರೆ ಆಗ ಹಿಡಿತದ ಮಾತಿಗೆ ಬರೋಣ. ಇಪ್ಪತ್ತರಲ್ಲಿ ಎಷ್ಟು ಕೊನೆ ಮುಟ್ಟಿದವು ಎಂದು ಎರಡು ವಾರ ಬಿಟ್ಟು ಇಲ್ಲಿ ಬರೆಯಿರಿ.